ಕೀಲಿ ವಾಚಿನ 'ಕಾಂಪ್ಲಿಕೇಶನ್'ಗೆ ಕನ್ನಡದಲ್ಲಿ ಏನನ್ನೋಣ?

ಅಪರೂಪದ ವಾಚು ಕೂಡಿಸುವವರ ಮಾತಿನಲ್ಲಿ 'ಕಾಂಪ್ಲಿಕೇಶನ್' ಅನ್ನುವ ಪದ ಪದೇ ಪದೇ ಬರುತ್ತದೆ. ಗಂಟೆ, ನಿಮಿಷ, ಸೆಕೆಂಡು ತೋರಿಸುವುದರ ಜೊತೆಗೆ ವಾಚು ಇನ್ನೇನು ಮಾಡಿದರೂ ಅದೊಂದು ಕಾಂಪ್ಲಿಕೇಶನ್. ತಾರೀಕು ತೋರಿಸಿದರೆ ಒಂದು. ಹುಣ್ಣಿಮೆ, ಅಮಾವಾಸ್ಯೆ ತೋರಿಸಿದರೆ ಇನ್ನೊಂದು. ಇದಕ್ಕೆ ಕನ್ನಡದಲ್ಲಿ ಒಪ್ಪುವ ಪದ ಯಾವುದು? ಬಲ್ಲವರು ಹೇಳಬೇಕು.

ಸಕಲೇಶಪುರದ ಹತ್ತಿರ ಕಾಫಿ ತೋಟದ ಮನೆಯ ಹಿರಿಯರೊಬ್ಬರು ಬಹಳ ವರ್ಷಗಳಿಂದ ಕೀಲಿ ವಾಚುಗಳನ್ನು ಕೂಡಿಟ್ಟಿದ್ದಾರೆ. ಎಚ್‌ಎಂಟಿ ಜನತಾದಿಂದ ಹಿಡಿದು ಬೆಲೆಬಾಳುವ ಸ್ವಿಸ್ ವಾಚುಗಳವರೆಗೆ ಎಲ್ಲವೂ ಇವೆ. ಒಂದೊಂದರ ಜೊತೆಗೂ ಕನ್ನಡದಲ್ಲಿ ಒಂದು ಚೀಟಿ ಇರಲಿ, ಮೊಮ್ಮಕ್ಕಳು ಓದಲಿ ಅಂತ ಅವರ ಆಸೆ. ಬರೆಯುವ ಕೆಲಸ ನನ್ನದು.

ಜಾಸ್ತಿ ಪದಗಳಿಗೆ ನಾನು ಹುಡುಕಬೇಕಾಗಲಿಲ್ಲ. ಮುಳ್ಳು ಇದೆ, ಕೀಲಿ ಕೊಡುವುದು ಇದೆ. ಒಳಗಿನ ಯಂತ್ರಕ್ಕೆ ಹಾಸನದ ರಿಪೇರಿ ಅಂಗಡಿಗಳಲ್ಲಿ 'ಮಷಿನ್' ಅಂತಾರೆ, ಅದನ್ನೇ ಇಟ್ಟುಕೊಂಡೆ. ಒಂದು ಸಲ ಕೀಲಿ ಕೊಟ್ಟರೆ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದಕ್ಕೆ 'ಓಟ' ಸಾಕು: '40 ಗಂಟೆಯ ಓಟ'. ಜನತಾ ವಾಚಿನ '17 ಜ್ಯುವೆಲ್ಸ್' ಅನ್ನು '17 ಕಲ್ಲು' ಅಂತ ಬರೆದೆ. ಏಳು ಕಲ್ಲಿನ ಓಲೆ ಅಂತೀವಲ್ಲ, ಹಾಗೇ. ಆದರೆ ಈ ಕಲ್ಲುಗಳು ಅಂದಕ್ಕಲ್ಲ. ಚಕ್ರಗಳ ಅಚ್ಚಿನ ತುದಿ ಸವೆಯದೆ ತಿರುಗಲಿ ಅಂತ ಕೂರಿಸಿದ ಕೆಂಪು ಮಾಣಿಕ್ಯ. ಇಷ್ಟನ್ನು ಚೀಟಿಯಲ್ಲಿ ಹೇಳಿಬಿಟ್ಟರೆ ಆಯಿತು.

ಕಾಂಪ್ಲಿಕೇಶನ್ ಹಾಗಲ್ಲ. ನಿಘಂಟು ತೆಗೆದರೆ 'ತೊಡಕು', 'ಜಟಿಲತೆ' ಸಿಗುತ್ತವೆ. ಎರಡೂ ಇಲ್ಲಿ ತಪ್ಪು. ಪಾಟೆಕ್ ಫಿಲಿಪ್ ಕಂಪನಿಯ ಗ್ರಾಂಡ್‌ಮಾಸ್ಟರ್ ಚೈಮ್ ಅನ್ನುವ ವಾಚು 2019ರಲ್ಲಿ ಜಿನೀವಾದ ಹರಾಜಿನಲ್ಲಿ 3.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಅದರಲ್ಲಿ 20 ಕಾಂಪ್ಲಿಕೇಶನ್ ಇವೆ. '20 ತೊಡಕುಗಳಿರುವ ವಾಚು' ಅಂತ ಬರೆದರೆ ಓದುವ ಮಗು ಅದನ್ನು ಕೆಟ್ಟ ವಾಚು ಅಂದುಕೊಳ್ಳುತ್ತದೆ. ಪದವನ್ನು ಹಾಗೇ ಬಿಡೋಣವೆಂದರೆ ಅದಕ್ಕೂ ನಮ್ಮಲ್ಲಿ ಬೇರೆ ಅರ್ಥ ಬಂದುಬಿಟ್ಟಿದೆ. 'ಆಪರೇಷನ್ ಆದಮೇಲೆ ಕಾಂಪ್ಲಿಕೇಶನ್ ಆಯ್ತಂತೆ' ಅನ್ನುವುದನ್ನೇ ಎಲ್ಲರೂ ಕೇಳಿರುವುದು.

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆ ವಾಚ್ ರಿಪೇರಿ ಮಾಡುವ ಒಬ್ಬರನ್ನು ಕೇಳಿದೆ. ತಾರೀಕು, ವಾರ ಎರಡೂ ಇರುವ ವಾಚೊಂದನ್ನು ಬಿಚ್ಚಿ ಕೂತಿದ್ದರು. 'ಇದು ಬರೀ ಟೈಮ್ ವಾಚ್ ಅಲ್ಲ ಸಾರ್, ಇದ್ರಲ್ಲಿ ಇನ್ನೂ ಎರಡು ಕೆಲಸ ಇದೆ' ಅಂದರು. ಆ 'ಕೆಲಸ' ನನಗೆ ತುಂಬಾ ಹಿಡಿಸಿತು. ವಾಚು ಮಾಡುವ ಕೆಲಸವೂ ಅದೇ, ಕುಶಲಕರ್ಮಿ ಅದರಲ್ಲಿ ತೋರಿದ ಕೆಲಸವೂ ಅದೇ. '20 ಕೆಲಸದ ವಾಚು' ಅಂದರೆ ಕಿವಿಗೂ ಹಿತ. ಆದರೆ ಎಣಿಕೆ ತೆಗೆದರೆ ಕಷ್ಟ. ಬರೀ 'ಕೆಲಸದ ವಾಚು' ಅಂದರೆ ಕೆಲಸಕ್ಕೆ ಕಟ್ಟಿಕೊಂಡು ಹೋಗುವ ವಾಚು ಅಂತಲೂ ಆಗುತ್ತದೆ, ಅಲ್ವಾ? 'ಮೇಲುಗೆಲಸ' ಅನ್ನೋಣವೆಂದರೆ ಅದು ಮನೆಯ ಚಿಲ್ಲರೆ ಕೆಲಸ. 'ಹೆಚ್ಚುವರಿ ಕೆಲಸ' ಅಂದರೆ ಓವರ್‌ಟೈಮ್. ನನ್ನ ಒಲವು ಈಗಲೂ ಬರೀ 'ಕೆಲಸ'ದ ಕಡೆಗೇ ಇದೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಒಬ್ಬ ಗೆಳತಿ 'ಕುಸುರಿ' ಅನ್ನಿ ಅಂದಳು. ಬೇಲೂರು, ಹಳೇಬೀಡು ನೋಡಿ ಬೆಳೆದವರಿಗೆ ಆ ಪದ ತಾನಾಗಿ ನಾಲಿಗೆಗೆ ಬರುತ್ತದೆ. ಆದರೆ ಕುಸುರಿ ಅಂದಕ್ಕೆ ಮಾಡುವಂಥದ್ದು. ಡಯಲ್ ಮೇಲೆ ಯಂತ್ರದಿಂದ ಕೊರೆಯುವ ಗಿಯೋಶೆ ಎಂಬ ಸಣ್ಣ ಸಣ್ಣ ಗೆರೆಗಳಿಗೆ ಅದನ್ನು ಇಟ್ಟುಕೊಂಡಿದ್ದೇನೆ. ಲೀಪ್ ವರ್ಷವನ್ನೂ ಲೆಕ್ಕ ಹಿಡಿದು, 2100ರವರೆಗೆ ಯಾರೂ ತಿದ್ದದೆ ಸರಿಯಾದ ತಾರೀಕು ತೋರಿಸುವ ವಾಚು ಮಾಡುತ್ತಿರುವುದು ಕುಸುರಿಯಲ್ಲ. ಅದು ಹಲ್ಲು ಚಕ್ರಗಳಲ್ಲಿ ಹಾಕಿದ ಲೆಕ್ಕ. ಅದಕ್ಕೆ 'ನಿತ್ಯ ಪಂಚಾಂಗ' ಅಂತಲೂ ಯೋಚಿಸಿ ಬಿಟ್ಟೆ. ತಿಥಿ, ನಕ್ಷತ್ರ ಇಲ್ಲದ್ದನ್ನು ಪಂಚಾಂಗ ಅನ್ನಬಾರದು. 'ತಿದ್ದದ ಕ್ಯಾಲೆಂಡರ್' ಸಾಕು.

ಕತ್ತಲಲ್ಲೂ ಹೊತ್ತು ತಿಳಿಯಲೆಂದು ಪಕ್ಕದ ಗುಂಡಿ ಒತ್ತಿದರೆ ಸಣ್ಣ ದನಿಯಲ್ಲಿ ಗಂಟೆ, ಕಾಲು ಗಂಟೆ, ನಿಮಿಷ ಹೊಡೆದು ಹೇಳುವ ವಾಚಿಗೆ 'ಗಂಟೆ ಹೊಡೆಯುವ ವಾಚು' ಅಂದೆ.

ಟೂರ್ಬಿಯೋನ್‌ಗೆ ಮಾತ್ರ ಪದ ಸಿಕ್ಕಿದ್ದಕ್ಕೆ ನನಗೆ ಬಹಳ ಖುಷಿ. ಬ್ರೆಗೆ ಎಂಬ ಗಡಿಯಾರ ಕುಶಲಿ 1801ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಜೇಬಿನ ಗಡಿಯಾರ ದಿನವೆಲ್ಲ ಒಂದೇ ಭಂಗಿಯಲ್ಲಿ ನೇತಾಡುತ್ತದೆ. ಅತ್ತಿತ್ತ ಆಡುತ್ತಾ ವಾಚಿನ ಲಯ ಹಿಡಿಯುವುದು ಬ್ಯಾಲೆನ್ಸ್ ಚಕ್ರ; ಭೂಮಿಯ ಸೆಳೆತದಿಂದ ಅದರ ಲಯ ಸ್ವಲ್ಪ ತಪ್ಪುತ್ತದೆ. ಅದಕ್ಕೆ ಆ ಚಕ್ರವನ್ನು ಒಂದು ಪಂಜರದಲ್ಲಿ ಕೂರಿಸಿ, ಪಂಜರವನ್ನೇ ಸುತ್ತುವಂತೆ ಮಾಡಿದ. ಸಾಮಾನ್ಯವಾಗಿ ನಿಮಿಷಕ್ಕೆ ಒಂದು ಸುತ್ತು. ಎಲ್ಲ ಕಡೆಯ ತಪ್ಪೂ ಒಂದಕ್ಕೊಂದು ವಜಾ ಆಗುತ್ತದೆ. ಫ್ರೆಂಚಿನಲ್ಲಿ ಟೂರ್ಬಿಯೋನ್ ಅಂದರೆ ಸುಳಿ, ಸುಳಿಗಾಳಿ. ನಮ್ಮಲ್ಲಿ ಹೊಳೆಯಲ್ಲೂ ಸುಳಿ, ನೆತ್ತಿಯಲ್ಲೂ ಸುಳಿ, ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೋಡುವುದೂ ಸುಳಿ. 'ಸುಳಿ ವಾಚು' ಅಂತಲೇ ಬರೆದಿದ್ದೇನೆ.

ಇನ್ನೊಂದು ಪದ ಉಳಿದಿದೆ. ಸ್ಪ್ರಿಂಗಿನ ಬಲ ಒಮ್ಮೆಲೇ ಬಿಚ್ಚಿಕೊಳ್ಳದಂತೆ ತಡೆದು, ಚಕ್ರದ ಒಂದೊಂದೇ ಹಲ್ಲನ್ನು ಬಿಡುವ ಭಾಗ ಎಸ್ಕೇಪ್‌ಮೆಂಟ್. ಟಿಕ್ ಟಿಕ್ ಸದ್ದು ಬರುವುದು ಅಲ್ಲಿಂದಲೇ. ಜನತಾದಲ್ಲಿ ಸೆಕೆಂಡಿಗೆ ಐದು ಸಲ. ರಿಪೇರಿಯವರು ಲಿವರ್ ಬೇರೆ, ಚಕ್ರ ಬೇರೆ ಹೆಸರಿಸುತ್ತಾರೆ, ಎರಡೂ ಸೇರಿದ್ದಕ್ಕೆ ಹೆಸರಿಲ್ಲ. 'ತಡೆಬಿಡು' ಅನ್ನಬಹುದೇ? ಗೋಡೆ ಗಡಿಯಾರ ರಿಪೇರಿ ಮಾಡುತ್ತಿದ್ದ ಮನೆಯವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಹಿರಿಯರು ಇದಕ್ಕೆ ಏನೆನ್ನುತ್ತಿದ್ದರು ಅಂತ ಬರೆಯಿರಿ. ಯಾವ ಊರಿನ ಬಳಕೆ ಅನ್ನುವುದನ್ನೂ ಸೇರಿಸಿದರೆ ಉಪಕಾರವಾಗುತ್ತದೆ.