ಮಾವನವರಿಗೆ ಪ್ರಿಬಯಾಟಿಕ್ ಫೈಬರ್ ಪುಡಿ ಕೊಟ್ಟು ನೋಡಬಹುದಾ?

ಖಡ್ಕಿ ಸೊಸೆ, ಪುಣೆ:
ನಮಸ್ಕಾರ. ನನ್ನ ಮಾವ ಸುಬೇದಾರರಾಗಿ ನಿವೃತ್ತರಾದವರು. ಧಾರವಾಡದ ಕಡೆಯವರು, ಈಗ ನಮ್ಮ ಜೊತೆ ಇದ್ದಾರೆ. ವರ್ಷಗಳಿಂದ ಸುಸ್ತು, ಕೀಲುನೋವು, ಹೊಟ್ಟೆ ಉಬ್ಬರ. ಒಂದು ದಿನ ಮಲಬದ್ಧತೆ, ಮರುದಿನ ಭೇದಿ. ಶುಗರ್‌ಗೆ ಮೆಟ್‌ಫಾರ್ಮಿನ್ ನಡೆದಿದೆ. ದಾರಿಯಲ್ಲಿ ಸಂಡಾಸ್ ಸಿಗದಿದ್ದರೆ ಅಂತ ಸಂಜೆಯ ವಾಕಿಂಗನ್ನೇ ಬಿಟ್ಟಿದ್ದಾರೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಅದೇ ನನಗೆ ಸಂಕಟ. ಅಮೆರಿಕದ ಕೊಲ್ಲಿ ಯುದ್ಧದ ಸೈನಿಕರ ದೀರ್ಘ ಕಾಯಿಲೆಗೆ ಪ್ರಿಬಯಾಟಿಕ್ ಫೈಬರ್, ಅಂದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಗುವ ನಾರು, ಪರೀಕ್ಷಿಸುವ ವಿಚಾರ ಓದಿದೆ. ಅಂಥದ್ದೇ ಫೈಬರ್ ಆದ ಇನುಲಿನ್ ಪುಡಿ ತರಿಸಲಾ? ಇಸಬ್‌ಗೋಲ್ ಮನೆಯಲ್ಲೇ ಇದೆ, ಅದೇ ಸಾಕಾ?

ಡಯಟಿಷಿಯನ್, ಮಾಟುಂಗಾ:
ಎರಡೂ ಒಂದೇ ಅಲ್ಲ. ಇಸಬ್‌ಗೋಲ್ ನೀರು ಹೀರಿ ಮಲವನ್ನು ಹದ ಮಾಡುತ್ತದೆ, ಕರುಳಿನ ಬ್ಯಾಕ್ಟೀರಿಯಾ ಅದನ್ನು ಹೆಚ್ಚು ತಿನ್ನುವುದಿಲ್ಲ. ಇನುಲಿನ್ ಅವುಗಳಿಗೆ ಊಟ. ಅವು ಅದನ್ನು ಹುಳಿಸಿ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲ ಮಾಡುತ್ತವೆ, ಕರುಳಿನ ಒಳಪದರಕ್ಕೆ ಅದು ಒಳ್ಳೆಯದು. ಆದರೆ ಜೊತೆಗೆ ಗ್ಯಾಸ್ ಕೂಡ ಬರುತ್ತದೆ. ಈಗಾಗಲೇ ಹೊಟ್ಟೆ ಉಬ್ಬುವವರಿಗೆ ಒಮ್ಮೆಲೇ ಜಾಸ್ತಿ ಕೊಟ್ಟರೆ ತುಂಬಾ ತೊಂದರೆ.

ಇನ್ನೊಂದು ಮುಖ್ಯ ಮಾತು. ಮೆಟ್‌ಫಾರ್ಮಿನ್‌ನಿಂದಲೇ ಭೇದಿ ಆಗಬಹುದು. ಬಹಳ ವರ್ಷ ತೆಗೆದುಕೊಂಡರೆ ವಿಟಮಿನ್ ಬಿ12 ಇಳಿಯಬಹುದು, ಸುಸ್ತು ಅದರಿಂದಲೂ ಬರುತ್ತದೆ. ಪುಡಿಗಿಂತ ಮೊದಲು ಬಿ12, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ತೂಕ ಇಳಿದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಪುಡಿ ಬೇಡವೇ ಬೇಡ, ನೇರ ಡಾಕ್ಟರ್ ಹತ್ತಿರ.

ಮಾಜಿ ಹವಾಲ್ದಾರ್, ವಾಸ್ಕೋ:
ತಂಗಿ, ಆ ಸೈನಿಕರ ಕಥೆ ಬೇರೆ. 1990-91ರಲ್ಲಿ ಕೊಲ್ಲಿ ಯುದ್ಧಕ್ಕೆ ಹೋದ ಸುಮಾರು 7 ಲಕ್ಷ ಅಮೆರಿಕನ್ನರಲ್ಲಿ ನಾಲ್ಕರಲ್ಲೊಬ್ಬರಿಗಾದರೂ ಈ ಕಾಯಿಲೆ ಅಂತಾರೆ. ನರಗಳಿಗೆ ಹೊಡೆಯುವ ವಿಷಾನಿಲದಿಂದ ಉಳಿಯಲು ಕೊಟ್ಟ ಮಾತ್ರೆ, ಕೀಟನಾಶಕ, ಇವುಗಳ ಮೇಲೆ ಸಂಶಯ ಇದೆ. ಮಾವನವರದು ಅದೇ ಅಂತ ಸುಮ್ನೆ ಅಂದುಕೊಳ್ಳಬೇಡಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇ.ಸಿ.ಎಚ್.ಎಸ್.) ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋಗಿ. ಸಂಡಾಸಿನ ಮಾತು ಸೊಸೆಯ ಮುಂದೆ ಅವರು ಆಡಲಾರರು, ಅದಕ್ಕೆ ಮಗನೇ ಜೊತೆಗೆ ಹೋಗಲಿ.

ಡಯಟಿಷಿಯನ್, ಮಾಟುಂಗಾ:
ಹವಾಲ್ದಾರ್ ಸರ್ ಹೇಳಿದ್ದು ಸರಿ. ಡಾಕ್ಟರ್ ಒಪ್ಪಿದರೆ ಇನುಲಿನ್ ಅರ್ಧ ಚಮಚದಿಂದ ಶುರು ಮಾಡಿ, ವಾರ ನೋಡಿ ಏರಿಸಿ, ನೀರು ಚೆನ್ನಾಗಿ ಕುಡಿಸಿ. ಆ ಸಮಯದಲ್ಲಿ ಬೇರೆ ಯಾವ ಬದಲಾವಣೆಯೂ ಬೇಡ, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಸಂಶೋಧನೆಯ ಪರೀಕ್ಷೆಗಳಲ್ಲಿ ಅರ್ಧ ಜನರಿಗೆ ಸುಳ್ಳು ಪುಡಿ ಕೊಡುವುದು ಇದಕ್ಕೇ. ಹೊಸದೇನೋ ತಿಂದೆವು ಎಂಬ ನಂಬಿಕೆಯಿಂದಲೇ ಕೆಲವರು ಚೇತರಿಸಿಕೊಳ್ಳುತ್ತಾರೆ. ಮನೆಯಲ್ಲಿ ಅದು ಆಗದ ಕೆಲಸ, ಅದಕ್ಕೆ ಪುಡಿಗೆ ಮೊದಲೂ ಆಮೇಲೂ ಹೊಟ್ಟೆ, ನಿದ್ದೆ, ನೋವು ಹೇಗಿತ್ತು ಅಂತ ದಿನಾ ಬರೆಸಿ.

ಖಡ್ಕಿ ಸೊಸೆ, ಪುಣೆ:
ಬಿ12 ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಸೋಮವಾರ ನಮ್ಮವರು ರಜೆ ಹಾಕಿ ಅವರನ್ನು ಕರೆದುಕೊಂಡು ಹೋಗುತ್ತಾರೆ. ರಿಪೋರ್ಟ್ ಬಂದಮೇಲೆ ಇಲ್ಲೇ ಹಾಕುತ್ತೇನೆ. ಪುಡಿ ಸದ್ಯಕ್ಕೆ ತರಿಸುವುದಿಲ್ಲ.