ಹೂ ಕೊಯ್ದ ಸೇವಂತಿಗೆ ಚಿಗುರಿದರೂ ಬರೀ ಮೊಗ್ಗೇ ಕಟ್ಟುತ್ತಿದೆ: ಇನ್ನೊಂದು ಬೆಳೆಗೆ ಮರಳಿಸುವುದು ಹೇಗೆ?

ತಾರಸಿತೋಟ (ಕುವೆಂಪುನಗರ, ಮೈಸೂರು), ಜನವರಿ 19

ಎಲ್ಲರಿಗೂ ನಮಸ್ಕಾರ. ಮನೆಯ ತಾರಸಿಯ ಮೇಲೆ ಹತ್ತು ಕುಂಡಗಳಲ್ಲಿ ಹಳದಿ ಸೇವಂತಿಗೆ ಬೆಳೆಸಿದ್ದೇನೆ. ಜುಲೈನಲ್ಲಿ ನರ್ಸರಿಯಿಂದ ತಂದ ಸಸಿಗಳು ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೆಯ ವಾರದವರೆಗೆ ಧಾರಾಳವಾಗಿ ಹೂ ಕೊಟ್ಟವು; ತಳಿ ಯಾವುದೆಂದು ಮಾರಿದವರಿಗೂ ತಿಳಿದಿರಲಿಲ್ಲ. ಹೂವೆಲ್ಲ ಮುಗಿದ ಮೇಲೆ ಗಿಡವನ್ನು ಕಿತ್ತೆಸೆಯುವ ಬದಲು ಅದರಿಂದಲೇ ಇನ್ನೊಂದು ಬೆಳೆ ತೆಗೆಯೋಣವೆಂದು, ಪ್ರತಿಯೊಂದನ್ನೂ ಮಣ್ಣಿನಿಂದ ಒಂದಡಿ ಎತ್ತರಕ್ಕೆ ಕತ್ತರಿಸಿದೆ. ಹತ್ತು ದಿನದೊಳಗೆ ಎಲೆಕಂಕುಳಿನಿಂದ ಚಿಗುರು ಬಂದಾಗ ಗೆದ್ದೆನೆಂದೇ ಭಾವಿಸಿದ್ದೆ. ಆದರೆ ಆ ಚಿಗುರು ಎರಡು ಅಂಗುಲ ಏರುವಷ್ಟರಲ್ಲಿ ತುದಿಯಲ್ಲಿ ಮೊಗ್ಗು ಕಟ್ಟಿಕೊಂಡು ನಿಂತುಬಿಟ್ಟಿದೆ. ಎಲೆಯ ರೂಪವೂ ಕೆಟ್ಟಿದೆ: ಮೊದಲು ಅಂಗೈಯಂತೆ ಸೀಳುಸೀಳಾಗಿ ಬರುತ್ತಿದ್ದ ಎಲೆಗಳ ಜಾಗದಲ್ಲಿ ಈಗ ಸೀಳೇ ಇಲ್ಲದ, ಕಿರುಬೆರಳಿಗಿಂತ ಸಣ್ಣ ಪಟ್ಟಿಯಂಥ ಎಲೆಗಳು ಬರುತ್ತಿದ್ದು, ಅವುಗಳ ನಡುವೆ ತೊಗರಿಕಾಳಿನ ಗಾತ್ರದ ಮೊಗ್ಗು ಕುಳಿತಿದೆ.

ವಾರಕ್ಕೊಮ್ಮೆ ಎರೆಗೊಬ್ಬರ ಹಾಕುತ್ತಿದ್ದೇನೆ, ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನೂ ಕೊಟ್ಟಿದ್ದೇನೆ, ನೀರು ದಿನವೂ ಹಾಕುತ್ತೇನೆ. ಎರಡು ಕುಂಡಗಳಲ್ಲಿ ಗಿಡದ ಬುಡ ಕಪ್ಪಾಗುತ್ತಿದೆ. ವಿಚಿತ್ರವೆಂದರೆ, ರಸ್ತೆಯ ಕಡೆಯ ಮೂಲೆಯಲ್ಲಿರುವ ಎರಡು ಕುಂಡಗಳು ಮಾತ್ರ ಮೊಗ್ಗಿಲ್ಲದೆ ಸೊಂಪಾಗಿ ಚಿಗುರಿವೆ. ಅವೇ ಕುಂಡಗಳು ಮೊದಲ ಬೆಳೆಯಲ್ಲಿ ಎಲ್ಲಕ್ಕಿಂತ ತಡವಾಗಿ, ಅದೂ ಬೆರಳೆಣಿಕೆಯಷ್ಟು ಹೂ ಕೊಟ್ಟಿದ್ದವು. ಮಣ್ಣು, ಗೊಬ್ಬರ, ನೀರು ಎಲ್ಲ ಒಂದೇ.

ವಿದೇಶದಲ್ಲಿ ಗಾಂಜಾ ಬೆಳೆಯುವವರು ಕೊಯ್ಲಾದ ಗಿಡಕ್ಕೆ ದಿನಕ್ಕೆ ಹದಿನೆಂಟು ಗಂಟೆ ದೀಪ ಹಾಕಿ ಮತ್ತೆ ಎಲೆಯ ಹಂತಕ್ಕೆ ತರುತ್ತಾರೆಂಬ ವಿಡಿಯೊವೊಂದನ್ನು ನೋಡಿದೆ. ಸೇವಂತಿಗೆಗೂ ಅದು ಅನ್ವಯಿಸುತ್ತದೆಯೇ?

ಹೂಬುಟ್ಟಿ (ಮೈಸೂರು), ಜನವರಿ 19

ಸಾರಜನಕದ ಕೊರತೆಯಿರಬಹುದು. ಒಂದು ಚಮಚ ಯೂರಿಯಾವನ್ನು ಐದು ಲೀಟರ್ ನೀರಿನಲ್ಲಿ ಕರಗಿಸಿ ಹಾಕಿ ನೋಡಿ, ಎಲೆ ಬರುತ್ತದೆ.

ಸಸ್ಯಪಾಠ (ಸರಸ್ವತಿಪುರಂ, ಮೈಸೂರು), ಜನವರಿ 20

ಯೂರಿಯಾ ಹಾಕುವ ಮೊದಲು ಆ ಮೂಲೆಯ ಎರಡು ಕುಂಡಗಳನ್ನು ವಿಚಾರಿಸೋಣ, ಏಕೆಂದರೆ ಉತ್ತರ ಅಲ್ಲಿಯೇ ಇದೆ. ಅವುಗಳ ಮೇಲೆ ಬೀದಿದೀಪದ ಬೆಳಕು ಬೀಳುತ್ತದೆಯೇ? ಬೀಳುತ್ತದೆ ಎಂದೇ ನನ್ನ ಊಹೆ.

ಸೇವಂತಿಗೆ ಹ್ರಸ್ವದಿನದ ಸಸ್ಯ. ಹೆಸರು ಹಗಲಿನದಾದರೂ ಗಿಡ ಅಳೆಯುವುದು ಕತ್ತಲೆಯನ್ನು: ಎಡೆಬಿಡದ ಕತ್ತಲೆ ಒಂದು ಮಿತಿಯನ್ನು ದಾಟಿದರೆ ಚಿಗುರಿನ ತುದಿ ಎಲೆ ಹುಟ್ಟಿಸುವುದನ್ನು ಬಿಟ್ಟು ಮೊಗ್ಗಿಗೆ ತಿರುಗುತ್ತದೆ. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದಾಗ ಬಹುಪಾಲು ತಳಿಗಳಲ್ಲಿ ಈ ತಿರುವು ಆರಂಭವಾಗುತ್ತದೆ. ತಳಿಯಿಂದ ತಳಿಗೆ ಸ್ವಲ್ಪ ಹೆಚ್ಚುಕಡಿಮೆಯಿರುತ್ತದೆ. ಮೈಸೂರಿನಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 25 ನಿಮಿಷ, ಜೂನ್ ಕೊನೆಯದು ಹದಿಮೂರು ಗಂಟೆಗೆ ತುಸು ಕಡಿಮೆ. ಇಂಗ್ಲೆಂಡಿನಂಥ ದೇಶದಲ್ಲಿ ವಸಂತ ಬಂದಂತೆ ಹಗಲು ಹದಿನಾರು ಗಂಟೆಯವರೆಗೆ ಚಾಚಿಕೊಳ್ಳುವುದರಿಂದ ಹೂಬಿಟ್ಟ ಗಿಡ ತಾನಾಗಿಯೇ ಎಲೆಗೆ ಮರಳುತ್ತದೆ. ನಮ್ಮ ಆಕಾಶ ಆ ಉಪಕಾರ ಮಾಡುವುದಿಲ್ಲ. ಇಲ್ಲಿ ಗಿಡ ಬೆಳೆಯಲು ನೆರವಾಗುವುದು ಬುಡದಿಂದೇಳುವ ಕಂದುಗಳ (ಮರಿಗಿಡಗಳ) ಎಳೆತನ ಮತ್ತು ಮೊಗ್ಗನ್ನು ತಡೆಹಿಡಿಯುವ ಬೇಸಿಗೆಯ ಕಾವು. ನೀವು ಕತ್ತರಿಸಿದ್ದು ವರ್ಷದಲ್ಲೇ ಅತಿ ದೀರ್ಘವಾದ ರಾತ್ರಿಗಳ ಸಮಯದಲ್ಲಿ, ಅದೂ ಆಗಲೇ ಹೂವಿನ ಸೂಚನೆ ಪಡೆದಿದ್ದ ಕಾಂಡದ ಮೇಲ್ಭಾಗವನ್ನು ಉಳಿಸಿಕೊಂಡು. ಆ ಕಂಕುಳಿನ ಚಿಗುರುಗಳು ಮೊಗ್ಗಾಗದೆ ಇನ್ನೇನಾದಾವು? ನೀವು ವರ್ಣಿಸಿದ ಸೀಳಿಲ್ಲದ ಪಟ್ಟಿಯೆಲೆ, ಎಲೆಗೂ ಹೂವಿಗೂ ನಡುವೆ ಸಿಕ್ಕಿಕೊಂಡ ಚಿಗುರಿನ ಗುರುತು. ಗೊಬ್ಬರಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಿಡಗಳ ಈ ಗುಣವನ್ನು 1920ರಲ್ಲಿ ಪ್ರಕಟಿಸಿದ ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ ಸುಳಿವು ಕೊಟ್ಟದ್ದು ಬೇಸಿಗೆಯಲ್ಲಿ ಹೂಬಿಡದೆ ಆಳೆತ್ತರಕ್ಕೆ ಬೆಳೆದುಬಿಡುತ್ತಿದ್ದ ಒಂದು ಹೊಗೆಸೊಪ್ಪಿನ ತಳಿ. ಹೊಗೆಸೊಪ್ಪು ಬೆಳೆಯುವ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದು ಖುಷಿ ಕೊಡಬಹುದು.

ಗಾಂಜಾ ವಿಷಯ: ಅದೂ ಹ್ರಸ್ವದಿನದ ಸಸ್ಯವಾದ್ದರಿಂದ ತತ್ತ್ವ ಒಂದೇ. ಆದರೆ ನಮ್ಮಲ್ಲಿ ಅದನ್ನು ಬೆಳೆಯುವುದು 1985ರ ಮಾದಕ ವಸ್ತು ಕಾಯ್ದೆಯಡಿ ಅಪರಾಧ. ಆ ವಿಡಿಯೊಗಳನ್ನು ಸೇವಂತಿಗೆಯವರು ಹೆಚ್ಚು ನಂಬಿಕೊಳ್ಳುವ ಅಗತ್ಯವೂ ಇಲ್ಲ. ಗಾಂಜಾ ಒಂದೇ ವರ್ಷ ಬಾಳುವ ಗಿಡ, ಬುಡದಿಂದ ಕಂದು ಹೊಡೆಯುವುದಿಲ್ಲ. ಹಳೆಯ ಕಾಂಡದ ಮೇಲೆ ಉಳಿದ ಚಿಗುರನ್ನೇ ಕಾಡಿಸಿ ಬೇಡಿಸಿ ಹಿಂದಕ್ಕೆ ತಿರುಗಿಸಬೇಕು. ಸೇವಂತಿಗೆಯದು ಬಹುವಾರ್ಷಿಕ ಬುಡ. ಅದಕ್ಕೆ ಹದಿನೆಂಟು ಗಂಟೆಯ ಬೆಳಕೂ ಬೇಡ. ರಾತ್ರಿ ಹತ್ತರಿಂದ ಎರಡರವರೆಗೆ ಸಾಧಾರಣ ಬಲ್ಬಿನ ಬೆಳಕು ಬಿದ್ದರೆ ಒಂದು ದೀರ್ಘ ಕತ್ತಲೆ ಎರಡು ಗಿಡ್ಡ ತುಂಡುಗಳಾಗುತ್ತದೆ, ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಆ ಬೆಳಕಿನ ಕೆಂಪು ಅಂಶವನ್ನು ಹೀರಿ ರಾತ್ರಿಯ ಲೆಕ್ಕವನ್ನು ಮೊದಲಿನಿಂದ ಆರಂಭಿಸುತ್ತದೆ, ಗಿಡ ಬೇಸಿಗೆಯೆಂದು ನಂಬುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸಾಲುಸಾಲು ಬಲ್ಬು ಉರಿಯುವ ಸೇವಂತಿಗೆ ಹೊಲಗಳನ್ನು ನೋಡಿರುತ್ತೀರಿ. ಜಾತ್ರೆಯ ದೀಪಾಲಂಕಾರವೆಂದು ಮೊದಲ ಸಲ ನಾನೂ ಮೋಸಹೋಗಿದ್ದೆ.

ಕೂಳೆಗದ್ದೆ (ಪಾಂಡವಪುರ, ಮಂಡ್ಯ), ಜನವರಿ 20

ಮೇಲಿನವರು ಹೇಳಿದ್ದು ಸರಿ. ಆದರೆ ದೀಪ ಹಾಕುವ ಮೊದಲು ಕತ್ತರಿ ಸರಿಪಡಿಸಿಕೊಳ್ಳಬೇಕು. ನಾವು ಕಬ್ಬಿನವರು. ಕಟಾವಾದ ಮೇಲೆ ಕೂಳೆ ಬೆಳೆಗೆ ಬಿಡುವಾಗ ಉಳಿದ ಮೋಟುಗಳನ್ನು ನೆಲಮಟ್ಟಕ್ಕೆ ಸವರುತ್ತೇವೆ, ಏಕೆಂದರೆ ಮೇಲಿನ ಗಿಣ್ಣಿನಿಂದ ಬಂದ ಮೊಳಕೆ ಸ್ವಂತ ಬೇರಿಲ್ಲದೆ ಹಳೆಯ ಬುಡದ ಮೇಲೆ ನೇತಾಡುತ್ತದೆ, ಮಣ್ಣಿನೊಳಗಿನ ಕಣ್ಣಿನಿಂದ ಬಂದದ್ದು ತನ್ನ ಬೇರು ತಾನೇ ಬಿಟ್ಟುಕೊಳ್ಳುತ್ತದೆ. ಸೇವಂತಿಗೆಗೂ ಇದೇ ನ್ಯಾಯ. ಒಂದಡಿ ಉಳಿಸಿದ್ದರಿಂದಲೇ ನಿಮಗೆ ಹೂವಿನ ನೆನಪಿರುವ ಚಿಗುರು ಸಿಕ್ಕಿದೆ. ನಾಲ್ಕು ಅಂಗುಲಕ್ಕೆ ಇಳಿಸಿ, ಬುಡದ ಸುತ್ತ ಒಂದಂಗುಲ ಮಣ್ಣನ್ನು ಮೆಲ್ಲಗೆ ಕೆದಕಿ ನೋಡಿ. ತಿಳಿ ಹಸಿರಿನ, ಮೊಳೆಯಂಥ ಮೂತಿಗಳು ಹೊರಬರುತ್ತಿದ್ದರೆ ಅವೇ ನಿಮ್ಮ ಮುಂದಿನ ಬೆಳೆ.

ಬುಡ ಕಪ್ಪಾದದ್ದು ನೀರಿನಿಂದ. ಎಲೆ ತೆಗೆದ ಗಿಡ ಮೊದಲಿನಷ್ಟು ನೀರು ಕುಡಿಯಲಾರದು, ನೀವು ಮಾತ್ರ ಮೊದಲಿನಷ್ಟೇ ಕುಡಿಸುತ್ತಿದ್ದೀರಿ. ಬೆರಳಿನ ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಕೊಳೆತ ಎರಡು ಗಿಡಗಳನ್ನು ಮಣ್ಣಿನ ಸಮೇತ ದೂರ ಹಾಕುವುದೇ ಲೇಸು. ಆ ಮಣ್ಣನ್ನು ಉಳಿದ ಕುಂಡಗಳಿಗೆ ಬೆರೆಸಬೇಡಿ. ಹಿಂಡಿ ನೀರನ್ನೂ ಚಿಗುರು ಕಾಣುವವರೆಗೆ ನಿಲ್ಲಿಸಿ.

ತಾರಸಿತೋಟ, ಜನವರಿ 21

ನಿನ್ನೆ ರಾತ್ರಿ ಹತ್ತಕ್ಕೆ ತಾರಸಿಗೆ ಹೋಗಿ ನೋಡಿದೆ. ಊಹೆ ನಿಜ, ಬೀದಿದೀಪ ಆ ಮೂಲೆಯಿಂದ ಹದಿನೈದು ಅಡಿಯಲ್ಲಿದೆ, ಆ ಎರಡು ಕುಂಡಗಳ ಬಳಿ ನಿಂತು ಪತ್ರಿಕೆಯ ದಪ್ಪಕ್ಷರ ಓದಬಹುದು. ಆರು ತಿಂಗಳಿನಿಂದ ಆ ಎರಡು ಗಿಡಗಳನ್ನು ಸೋಮಾರಿಗಳೆಂದು ಬೈಯುತ್ತಿದ್ದೆ.

ಬಲ್ಬು ಎಷ್ಟು ವ್ಯಾಟಿನದು, ಎಷ್ಟು ಎತ್ತರದಲ್ಲಿ, ಎಷ್ಟು ದಿನ? ಕರೆಂಟ್ ಬಿಲ್ ಏರುವುದೇ?

ಸಸ್ಯಪಾಠ, ಜನವರಿ 21

ಗಿಡದ ತುದಿಯ ಮೇಲೆ ಸುಮಾರು ನೂರು ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆಯ ಮಾನ) ಬೆಳಕು ಬಿದ್ದರೆ ಸಾಕು; ಫೋನಿನ ಆ್ಯಪಿನಿಂದ ಸ್ಥೂಲವಾಗಿ ಅಳೆಯಬಹುದು. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ಗಿಡದಿಂದ ಮೂರಡಿ ಮೇಲೆ ತೂಗುಹಾಕಿ, ಎಂಟು ಕುಂಡಗಳನ್ನು ಒತ್ತಾಗಿ ಎರಡು ಸಾಲಿನಲ್ಲಿ ಜೋಡಿಸಿದರೆ ಎರಡು ಬಲ್ಬು ಸಾಕಾಗುತ್ತದೆ. ಬಿಳಿಯ ಬಲ್ಬಿಗಿಂತ ಹಳದಿ ಛಾಯೆಯದು ಒಳ್ಳೆಯದು, ಅದರಲ್ಲಿ ಕೆಂಪಿನ ಪಾಲು ಹೆಚ್ಚು. ಎರಡು ಬಲ್ಬು ದಿನಕ್ಕೆ ನಾಲ್ಕು ಗಂಟೆ ಉರಿದರೂ ತಿಂಗಳಿಗೆ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚಷ್ಟೆ. ಬಿಲ್ಲಿನಲ್ಲಿ ಹುಡುಕಿದರೂ ಕಾಣುವುದಿಲ್ಲ. ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿಯಿರುವುದನ್ನೇ ಕೊಳ್ಳಿ, ಇಲ್ಲವಾದರೆ ಪ್ರತಿ ಸಲ ಕರೆಂಟ್ ಹೋದಾಗಲೂ ಗಡಿಯಾರ ಹಿಂದೆ ಬಿದ್ದು, ಕೊನೆಗೊಂದು ದಿನ ನಿಮ್ಮ ದೀಪ ನಡುಹಗಲಿನಲ್ಲಿ ಉರಿಯುತ್ತದೆ.

ಈಗಾಗಲೇ ಕಟ್ಟಿರುವ ಮೊಗ್ಗು ಮತ್ತೆ ಎಲೆಯಾಗುವುದಿಲ್ಲ. ಆ ತುದಿಗಳನ್ನು ಕತ್ತರಿಸಿಬಿಡಿ. ಬುಡದಿಂದ ಬರುವ ಹೊಸ ಎಲೆಗಳು ಮತ್ತೆ ಸೀಳುಸೀಳಾಗಿ ಕಾಣಿಸಿದಾಗ ಗಿಡ ಮರಳಿದೆಯೆಂದು ತಿಳಿಯಿರಿ. ಅದಕ್ಕೆ ಮೂರು ನಾಲ್ಕು ವಾರವಾದರೂ ಕಾಯಬೇಕು.

ತಾರಸಿತೋಟ, ಫೆಬ್ರವರಿ 22

ನಾಲ್ಕು ವಾರ ದೀಪ ಹಾಕಿದ ವರದಿ: ಎಂಟರಲ್ಲಿ ಆರು ಕುಂಡಗಳ ಬುಡದಿಂದ ತಲಾ ನಾಲ್ಕರಿಂದ ಏಳು ಕಂದುಗಳು ಬಂದಿವೆ, ಎಲೆ ಮೊದಲಿನಂತೆಯೇ ಸೀಳಾಗಿದೆ. ಉಳಿದೆರಡರಲ್ಲಿ ಕಂದು ಬಂದರೂ ಒಂದೊಂದರ ತುದಿಯಲ್ಲಿ ಮೊಗ್ಗು ಕಾಣಿಸಿತು. ಕಾರಣ ಹುಡುಕಲು ಮತ್ತೆ ರಾತ್ರಿಯೇ ಹೋಗಬೇಕಾಯಿತು: ನೀರಿನ ಟ್ಯಾಂಕಿನ ನೆರಳು ಸರಿಯಾಗಿ ಅವೆರಡರ ಮೇಲೆಯೇ ಬೀಳುತ್ತಿತ್ತು, ಹಗಲಿನಲ್ಲಿ ನೋಡಿದರೆ ಅದು ಗೊತ್ತಾಗುವುದಿಲ್ಲ. ಕುಂಡಗಳನ್ನು ಸರಿಸಿದ್ದೇನೆ.

ಎಳೆಯ ಚಿಗುರಿಗೆ ಕಪ್ಪು ಹೇನು ಮುತ್ತಿತ್ತು. ಇರುವೆಗಳ ಸಾಲು ನೋಡಿ ಅನುಮಾನ ಬಂದು ಎಲೆ ಮಗುಚಿದಾಗ ಸಿಕ್ಕಿತು. ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಎರಡು ಸಲ ಸಿಂಪಡಿಸಿದ ಮೇಲೆ ಹತೋಟಿಗೆ ಬಂದಿದೆ. ಈಗ ಕಂದುಗಳನ್ನು ತಾಯಿಗಿಡದ ಜೊತೆಯಲ್ಲೇ ಬಿಡಲೇ, ಬೇರ್ಪಡಿಸಲೇ? ದಸರೆಯ ಹೊತ್ತಿಗೆ ಹೂ ಬೇಕೆಂದು ಮನೆಯವರ ಬೇಡಿಕೆ.

ಕೂಳೆಗದ್ದೆ, ಫೆಬ್ರವರಿ 23

ಬೇರ್ಪಡಿಸಿ. ಹಳೆಯ ಬುಡ ಕುಂಡದಲ್ಲಿದ್ದಷ್ಟು ದಿನವೂ ಹಳೆಯ ರೋಗ ಅದರೊಂದಿಗಿರುತ್ತದೆ, ಏಳು ಕಂದು ಒಂದೇ ಕುಂಡದಲ್ಲಿ ಒತ್ತರಿಸಿಕೊಂಡರೆ ಯಾವುದೂ ದಪ್ಪವಾಗುವುದಿಲ್ಲ. ಮೂರ್ನಾಲ್ಕು ಅಂಗುಲವಾದ, ಸ್ವಂತ ಬೇರಿರುವ ಕಂದುಗಳನ್ನು ಸಂಜೆಯ ಹೊತ್ತು ಚೂಪಾದ ಚಾಕುವಿನಿಂದ ಬಿಡಿಸಿ, ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ ನೆಟ್ಟು, ಒಂದು ವಾರ ನೆರಳಿನಲ್ಲಿಡಿ. ನಾಲ್ಕು ವಾರಕ್ಕೆ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ದಸರೆಗೆ ಕಾಯುವುದಾದರೆ ಜೂನಿನಲ್ಲಿ ಇನ್ನೊಮ್ಮೆ ತುಂಡು ಮಾಡಿ ಹೊಸದಾಗಿ ಬೇರು ಬರಿಸುವುದು ಉತ್ತಮ, ಇಲ್ಲವಾದರೆ ಆಗಸ್ಟಿನ ಹೊತ್ತಿಗೆ ಗಿಡ ನಿಮ್ಮೆತ್ತರಕ್ಕೆ ಬಂದು ಗಾಳಿಗೆ ಮಲಗುತ್ತದೆ.

ಸಸ್ಯಪಾಠ, ಫೆಬ್ರವರಿ 23

ದೀಪ ನಿಲ್ಲಿಸಿದ ಮೇಲೆ ಹೂ ಅರಳಲು ತಳಿಯನ್ನನುಸರಿಸಿ ಎಂಟರಿಂದ ಹನ್ನೊಂದು ವಾರ ಹಿಡಿಯುತ್ತದೆ. ಪಂಚಾಂಗ ನೋಡಿ ವಿಜಯದಶಮಿಯಿಂದ ಹತ್ತು ವಾರ ಹಿಂದಕ್ಕೆ ಎಣಿಸಿ, ಆ ದಿನ ದೀಪ ತೆಗೆಯಿರಿ. ಅದು ಜುಲೈ, ಆಗಸ್ಟಿನ ಸುಮಾರಿಗೆ ಬರುವುದರಿಂದ, ರಾತ್ರಿ ಸಾಕಷ್ಟು ದೀರ್ಘವಾಗಿರುವುದಿಲ್ಲವೆಂದು ಅನಿಸಿದರೆ ಮೊದಲ ನಾಲ್ಕು ವಾರ ಸಂಜೆ ಐದೂವರೆಯಿಂದ ಬೆಳಗ್ಗೆ ಏಳೂವರೆಯವರೆಗೆ ಎರಡು ಪದರದ ಕಪ್ಪು ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಬೇಡ, ಒಳಗಿನ ಕಾವಿಗೆ ಮೊಗ್ಗು ಇನ್ನಷ್ಟು ತಡವಾಗುತ್ತದೆ. ಬೀದಿದೀಪದ ಮೂಲೆಯಲ್ಲಿ ಆ ಹೊತ್ತಿಗೆ ಒಂದೂ ಕುಂಡ ಇರಬಾರದು.

ತಾರಸಿತೋಟ, ಮಾರ್ಚ್ 9

ಮೂವತ್ತೆಂಟು ಕಂದುಗಳು ಸಿಕ್ಕವು, ಮೂವತ್ತೊಂದು ಬೇರೂರಿವೆ. ಹನ್ನೆರಡನ್ನು ಪಕ್ಕದ ಮನೆಗೆ ಕೊಟ್ಟೆ, ಏಕೆಂದರೆ ರಾತ್ರಿಯಿಡೀ ನಮ್ಮ ತಾರಸಿಯಲ್ಲಿ ಏನು ನಡೆಯುತ್ತಿದೆಯೆಂದು ಅವರು ತಿಂಗಳಿನಿಂದ ಕೇಳುತ್ತಿದ್ದರು. ಬೀದಿದೀಪದ ಮೂಲೆಯಲ್ಲಿ ಈಗ ತಾಯಿಗಿಡಕ್ಕೆಂದು ಒಂದೇ ಕುಂಡ ಉಳಿಸಿಕೊಂಡಿದ್ದೇನೆ. ಆಗಸ್ಟಿನಲ್ಲಿ ಅದನ್ನೂ ಟ್ಯಾಂಕಿನ ನೆರಳಿಗೆ ಒಯ್ಯುತ್ತೇನೆ.