ಗುರು, ಶನಿಯಂಥ ಗ್ರಹಗಳು ಬೇರೆ ನಕ್ಷತ್ರಗಳ ಹತ್ತಿರ ಯಾಕೆ ಅಷ್ಟಾಗಿ ಸಿಗುತ್ತಿಲ್ಲ? (ಪ್ರಶ್ನೋತ್ತರ)

ಪ್ರಶ್ನೆ, ಡೊಂಬಿವಲಿಯಿಂದ: ಮೇಡಂ ನಮಸ್ಕಾರ. ಸೌರಮಂಡಲದ ಆಚೆ 6,000ಕ್ಕೂ ಜಾಸ್ತಿ ಗ್ರಹ ಸಿಕ್ಕಿವೆ ಅಂತ ಓದಿದೆ. ಪಟ್ಟಿ ತೆರೆದು ನೋಡಿದರೆ ಹೆಚ್ಚಿನವು ಮೂರು ದಿನ, ಹತ್ತು ದಿನ, ಇಪ್ಪತ್ತು ದಿನಕ್ಕೆ ಒಂದು ಸುತ್ತು ಹಾಕುವಂಥವು. ನಮ್ಮ ಗುರು, ಶನಿಯ ಹಾಗೆ ದೂರದಲ್ಲಿ, ತಣ್ಣಗೆ, ನಿಧಾನವಾಗಿ ಸುತ್ತುವ ದೊಡ್ಡ ಗ್ರಹಗಳು ತೀರಾ ಕಡಿಮೆ. ಹಾಗಾದರೆ ನಮ್ಮ ಸೌರಮಂಡಲವೇ ಅಪರೂಪದ್ದಾ? ಮಗಳು ಕೇಳುತ್ತಿದ್ದಾಳೆ.

ಉತ್ತರ, ಪುಣೆಯಿಂದ (ಖಗೋಳ ಸಂಶೋಧಕಿ): ನಮಸ್ಕಾರ. ಮಗಳಿಗೆ ಮೊದಲು ಇಷ್ಟು ಹೇಳಿ: ಸುಲಭಕ್ಕೆ ಸಿಗುವುದು ಜಾಸ್ತಿ ಸಿಕ್ಕಿದೆ, ಅಷ್ಟೇ. ಆ ಪಟ್ಟಿ ಆಕಾಶದಲ್ಲಿ ಏನೇನಿದೆ ಅನ್ನುವುದಕ್ಕಿಂತ ನಾವು ಎಷ್ಟು ಹೊತ್ತು ಕಾದೆವು ಅನ್ನುವುದನ್ನೇ ಹೆಚ್ಚು ತೋರಿಸುತ್ತದೆ.

1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 51 ಪೆಗಾಸಿ ನಕ್ಷತ್ರದ ಗ್ರಹ ಕಂಡುಹಿಡಿದರು. ಅದರ ಒಂದು ವರ್ಷ ಅಂದರೆ ನಮ್ಮ 4.2 ದಿನ. ಒಂದೇ ತಿಂಗಳಲ್ಲಿ ಏಳು ಸುತ್ತು ನೋಡಿ ಅನುಮಾನ ತೀರಿಸಿಕೊಳ್ಳಬಹುದು. ಗುರುವಿನ ಒಂದು ಸುತ್ತಿಗೆ 11.86 ವರ್ಷ ಬೇಕು. ಈ ಲೆಕ್ಕ ನಮಗೇನೂ ಹೊಸದಲ್ಲ. ಗುರು ಮತ್ತೆ ಸಿಂಹ ರಾಶಿಗೆ ಬಂದಾಗ ಅಲ್ವಾ ನಾಶಿಕದಲ್ಲಿ ಕುಂಭಮೇಳ? ಬೇರೆ ಯಾವುದೋ ನಕ್ಷತ್ರದ ಹತ್ತಿರ ಕೂತು ಯಾರಾದರೂ ನಮ್ಮ ಸೂರ್ಯನನ್ನು ನೋಡುತ್ತಿದ್ದರೆ, ಒಂದು ಕುಂಭಮೇಳದಿಂದ ಇನ್ನೊಂದರ ನಡುವೆ ಗುರು ಸೂರ್ಯನ ಮುಂದೆ ಹಾದುಹೋಗುವುದು ಒಂದೇ ಒಂದು ಸಲ. ಅದೂ ಸುಮಾರು 30 ಗಂಟೆ ಮಾತ್ರ. ಆಗ ಸೂರ್ಯನ ಬೆಳಕು ಶೇಕಡಾ 1ರಷ್ಟು ಇಳಿಯುತ್ತದೆ. ಅವರು ಆ 30 ಗಂಟೆ ಬೇರೆ ಕಡೆ ತಿರುಗಿದ್ದರೆ ಮತ್ತೆ ಹನ್ನೆರಡು ವರ್ಷ ಕಾಯಬೇಕು.

ಅದಕ್ಕೂ ಮೊದಲು ಅವರು ಕೂತ ಜಾಗ ಸರಿಯಾಗಿರಬೇಕು. ಗ್ರಹದ ಕಕ್ಷೆ ನಮ್ಮ ದೃಷ್ಟಿಯ ಗೆರೆಗೆ ಸರಿಯಾಗಿ ಬಂದರೆ ಮಾತ್ರ ಈ ಹಾಯುವಿಕೆ, ಅಂದರೆ ಸಂಕ್ರಮಣ ಕಾಣುತ್ತದೆ. 2012ರಲ್ಲಿ ಬೆಳಿಗ್ಗೆ ಎದ್ದು ಶುಕ್ರ ಸಂಕ್ರಮಣ ನೋಡಿದವರಿಗೆ ಇದು ಅರ್ಥ ಆಗುತ್ತದೆ, ಶುಕ್ರ ಪ್ರತಿ ಸಲವೂ ಸೂರ್ಯನ ಮೇಲೇ ಹಾಯುವುದಿಲ್ಲ. ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ ಬಿಸಿ ದೈತ್ಯನಿಗೆ ಈ ಅವಕಾಶ ಹತ್ತರಲ್ಲಿ ಒಂದು. ಗುರುವಿನಷ್ಟು ದೂರದ ಗ್ರಹಕ್ಕೆ ಸುಮಾರು 1,100ರಲ್ಲಿ ಒಂದು. ಇನ್ನು ಬಾಹ್ಯಾಕಾಶದಲ್ಲಿರುವ ಟೆಸ್ ದೂರದರ್ಶಕ ಆಕಾಶದ ಒಂದು ಭಾಗವನ್ನು ಒಮ್ಮೆಗೆ ಸುಮಾರು 27 ದಿನ ನೋಡುತ್ತದೆ. 27 ದಿನ ಅಂದರೆ ಗುರುವಿನ ಒಂದು ಸುತ್ತಿನ 160ನೇ ಒಂದು ಭಾಗ. ಎರಡನ್ನೂ ಗುಣಿಸಿ. ಎಲ್ಲ ನಕ್ಷತ್ರಕ್ಕೂ ಒಂದೊಂದು ಗುರು ಇದ್ದರೂ, ಒಂದೂಮುಕ್ಕಾಲು ಲಕ್ಷ ನಕ್ಷತ್ರ ನೋಡಿದರೆ ಒಂದು ಸಂಕ್ರಮಣ ಸಿಕ್ಕೀತು!

ಹಾಗಾಗಿ ದೂರದ ದೈತ್ಯರ ಲೆಕ್ಕ ಹೆಚ್ಚಾಗಿ ಸಿಕ್ಕಿದ್ದು ನಕ್ಷತ್ರದ ಓಲಾಟದಿಂದ. ಗ್ರಹ ಎಳೆದಾಗ ನಕ್ಷತ್ರವೂ ಸ್ವಲ್ಪ ಆ ಕಡೆ ಈ ಕಡೆ ಸರಿಯುತ್ತದೆ, ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳೂ ಸರಿಯುತ್ತವೆ. ಗುರು ನಮ್ಮ ಸೂರ್ಯನನ್ನು ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ ಓಲಾಡಿಸುತ್ತಾನೆ. ಗಂಟೆಗೆ 45 ಕಿ.ಮೀ. ಆಯಿತು, ಸಂಜೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಯಾವ ಕಾರಿಗೂ ಸಿಗದ ಸ್ಪೀಡು. ಶನಿಯದು ಸೆಕೆಂಡಿಗೆ 2.7 ಮೀಟರ್ ಮಾತ್ರ. ಚಿಲಿಯಲ್ಲಿರುವ ಹಾರ್ಪ್ಸ್ ಉಪಕರಣದಲ್ಲಿ 12.5 ಮೀಟರ್ ಅಂದರೆ ಕ್ಯಾಮೆರಾದ ಒಂದು ಪಿಕ್ಸೆಲ್ಲಿನ ಅರವತ್ತನೇ ಒಂದು ಭಾಗದಷ್ಟು ಸರಿಯುವಿಕೆ. ಅದನ್ನು ಹನ್ನೆರಡು ವರ್ಷ ಬಿಡದೆ ಹಿಂಬಾಲಿಸಬೇಕು.

ಕ್ಯಾಲಿಫೋರ್ನಿಯಾದವರು ಹೀಗೆ 719 ನಕ್ಷತ್ರಗಳನ್ನು ಸುಮಾರು ಮೂರು ದಶಕ ಹಿಂಬಾಲಿಸಿ 2021ರಲ್ಲಿ ಲೆಕ್ಕ ಕೊಟ್ಟರು. ಭೂಮಿಗೂ ಸೂರ್ಯನಿಗೂ ಇರುವ ದೂರದ 2ರಿಂದ 8 ಪಟ್ಟು ದೂರದಲ್ಲಿ, 100 ನಕ್ಷತ್ರಕ್ಕೆ ಸುಮಾರು 14 ದೈತ್ಯ ಗ್ರಹ. ಬಿಸಿ ದೈತ್ಯರು ನೂರಕ್ಕೆ ಒಂದರ ಆಸುಪಾಸು. ಪಟ್ಟಿಯಲ್ಲಿ ಕಂಡದ್ದಕ್ಕೆ ಪೂರ್ತಿ ಉಲ್ಟಾ ಅಲ್ವಾ? ನಮ್ಮದು ಮನೆಮನೆಯಲ್ಲೂ ಇರುವಂಥದ್ದಲ್ಲ, ಹಾಗಂತ ಎಲ್ಲೂ ಇಲ್ಲದ್ದೂ ಅಲ್ಲ.

ಪ್ರಶ್ನೆ, ಮಾಟುಂಗದಿಂದ: ಅಕ್ಕ, ನಮ್ಮದು ಹೋಟೆಲ್ ವ್ಯಾಪಾರ, ವಿಜ್ಞಾನ ಓದಿದವನಲ್ಲ. ಸುಮ್ನೆ ಒಂದು ಡೌಟು. ಸೂರ್ಯನ ಮೇಲಿನ ಕಲೆಗಳೂ 11 ವರ್ಷಕ್ಕೊಮ್ಮೆ ಹೆಚ್ಚು ಕಡಿಮೆ ಆಗುತ್ತವೆ ಅಂತ ಕೇಳಿದ್ದೇನೆ. ಗುರುವಿಗೂ ಹೆಚ್ಚುಕಡಿಮೆ ಅಷ್ಟೇ ವರ್ಷ. ಕಲೆ ಯಾವುದು, ಗ್ರಹ ಯಾವುದು ಅಂತ ದೂರದಿಂದ ಹೇಗೆ ಗೊತ್ತಾಗುತ್ತದೆ?

ಉತ್ತರ: ಅಣ್ಣ, ಈ ಡೌಟು ನಮ್ಮ ಪೇಪರುಗಳನ್ನು ಪರೀಕ್ಷಿಸುವವರದ್ದೂ ಹೌದು. ನಕ್ಷತ್ರದ ಕಾಂತೀಯ ಚಟುವಟಿಕೆ ಏರಿ ಇಳಿದಾಗ ಅದರ ಗೆರೆಗಳ ಆಕಾರ ಬದಲಾಗುತ್ತದೆ, ಅದು ಓಲಾಟದ ಹಾಗೇ ಕಾಣುತ್ತದೆ. ಅದಕ್ಕೆ ಅದೇ ಬೆಳಕಿನಲ್ಲಿ ಕ್ಯಾಲ್ಸಿಯಂನ ಎರಡು ಗೆರೆಗಳನ್ನೂ ಅಳೆಯುತ್ತೇವೆ. ಚಟುವಟಿಕೆ ಹೆಚ್ಚಾದರೆ ಅವು ಹೊಳೆಯುತ್ತವೆ. ಓಲಾಟ ಮತ್ತು ಕ್ಯಾಲ್ಸಿಯಂ ಎರಡೂ ಜೊತೆಜೊತೆಗೆ ಏರಿ ಇಳಿದರೆ ಅದನ್ನು ಗ್ರಹ ಅಂತ ನಂಬುವುದು ಕಷ್ಟ. ಎಪ್ಸಿಲಾನ್ ಎರಿಡಾನಿ ನಮಗೆ 10.5 ಜ್ಯೋತಿರ್ವರ್ಷ ದೂರ, ಪಕ್ಕದ ಮನೆಯೇ. ಅಲ್ಲೊಂದು ದೈತ್ಯ ಗ್ರಹ ಇದೆ ಅಂತ 2000ದಲ್ಲೇ ಘೋಷಣೆ ಆಯಿತು. ಆದರೆ ನಕ್ಷತ್ರ ಎಳೆಯದು, ಚಟುವಟಿಕೆ ಜಾಸ್ತಿ, ಹಾಗಾಗಿ ಜಗಳ ಎಷ್ಟೋ ವರ್ಷ ನಡೆಯಿತು. ಸುಮಾರು ಏಳೂವರೆ ವರ್ಷಕ್ಕೆ ಒಂದು ಸುತ್ತು ಅನ್ನುವುದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ.

ಪ್ರಶ್ನೆ, ಮಡಗಾಂವ್‌ನಿಂದ: ಮೇಡಂ, ನಾನು ಬಿ.ಎಸ್‌ಸಿ. ಎರಡನೇ ವರ್ಷ. ಟೆಸ್‌ನ ಬೆಳಕಿನ ಗ್ರಾಫುಗಳನ್ನು ನೆಟ್ಟಿನಲ್ಲಿ ಸಾಮಾನ್ಯರೂ ನೋಡಿ ಗುರುತು ಹಾಕಬಹುದಲ್ಲಾ, ಪ್ಲಾನೆಟ್ ಹಂಟರ್ಸ್, ಅದರಲ್ಲಿ ನನಗೆ ಒಂದು ದೊಡ್ಡ ಕುಳಿ ಸಿಕ್ಕಿದೆ. ಒಂದೇ ಸಲ. ಬೆಳಕು ಶೇ. 0.8 ಇಳಿದಿದೆ, 19 ಗಂಟೆ ಇದೆ, ತಳ ಚಪ್ಪಟೆ. ಇದು ತಣ್ಣಗಿನ ದೈತ್ಯ ಇರಬಹುದಾ? ತುಂಬಾ ಎಕ್ಸೈಟ್ ಆಗಿದ್ದೇನೆ!

ಉತ್ತರ: ಎಕ್ಸೈಟ್ ಆಗಿ, ಆದರೆ ಸ್ಟೇಟಸ್ ಹಾಕಬೇಡಿ. 😊

ಮೊದಲು ಗ್ರಾಫನ್ನು ದೊಡ್ಡದು ಮಾಡಿ, ಕುಳಿಯ ಎರಡೂ ದಡ ನೋಡಿ. ತಳ ಚಪ್ಪಟೆ ಇರುವುದು ಒಳ್ಳೆಯ ಲಕ್ಷಣ. ಎರಡು ನಕ್ಷತ್ರ ಒಂದಕ್ಕೊಂದು ಅಡ್ಡ ಬಂದರೆ ಎಷ್ಟೋ ಸಲ ಚೂಪು ತಳ ಬರುತ್ತದೆ. ಆಮೇಲೆ ದಿನಾಂಕ ನೋಡಿ. ಟೆಸ್ 13.7 ದಿನಕ್ಕೊಮ್ಮೆ ಭೂಮಿಯ ಹತ್ತಿರ ಬರುತ್ತದೆ, ಆಗ ಭೂಮಿಯ ಬೆಳಕು ಕ್ಯಾಮೆರಾದೊಳಗೆ ಚೆಲ್ಲುತ್ತದೆ, ಗ್ರಾಫಿನಲ್ಲಿ ಸುಳ್ಳು ಏರಿಳಿತ ಬರುತ್ತದೆ. ನಿಮ್ಮ ಕುಳಿ ಡೇಟಾದ ಅಂಚಿನಲ್ಲೋ ನಡುವಿನ ಖಾಲಿ ಜಾಗದ ಪಕ್ಕದಲ್ಲೋ ಇದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತೇನೆ. ಅದೇ ದಿನ ಅಕ್ಕಪಕ್ಕದ ನಕ್ಷತ್ರಗಳಲ್ಲೂ ಕುಳಿ ಇದ್ದರೂ ಅಷ್ಟೇ. ಇನ್ನೊಂದು ವಿಷಯ. ಟೆಸ್‌ನ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲ, ಆಕಾಶದಲ್ಲಿ ಗುರುವಿನ ಬಿಲ್ಲೆ ಕಾಣುವುದರ ಸುಮಾರು ಅರ್ಧ. ಅಷ್ಟರಲ್ಲಿ ನಾಲ್ಕಾರು ನಕ್ಷತ್ರ ಇರಬಹುದು. ಬೆಳಕು ಇಳಿದದ್ದು ನಿಮ್ಮದರದ್ದೋ ಪಕ್ಕದ್ದರದ್ದೋ?

ಇದೆಲ್ಲ ದಾಟಿದರೆ 19 ಗಂಟೆ ಅನ್ನುವುದು ಬಹಳ ಬೆಲೆಯ ಸಂಖ್ಯೆ. ಸೂರ್ಯನಂಥ ನಕ್ಷತ್ರದ ನಡುಮಧ್ಯದಲ್ಲಿ ಹಾಯುವ, ಒಂದು ವರ್ಷದ ಕಕ್ಷೆಯ ಗ್ರಹಕ್ಕೆ 13 ಗಂಟೆ ಬೇಕು. ಸುತ್ತುವ ಕಾಲ ಎಂಟು ಪಟ್ಟಾದರೆ ಹಾಯುವ ಹೊತ್ತು ಎರಡು ಪಟ್ಟು. ಈ ಲೆಕ್ಕಕ್ಕೆ ನಿಮ್ಮದು ಮೂರು ವರ್ಷದ ಕಕ್ಷೆ, ಗುರುವಿಗಿಂತ ಸ್ವಲ್ಪ ಸಣ್ಣ ಗ್ರಹ. ಖುಷಿ ಆಯಿತಾ? ಈಗ ನಕ್ಷತ್ರದ ಗಾತ್ರ ನೋಡಿ. ತೂಕ ಸೂರ್ಯನಷ್ಟೇ ಇದ್ದು ಅದು ಒಂದೂವರೆ ಪಟ್ಟು ದೊಡ್ಡದಾಗಿದ್ದರೆ ಅದೇ 19 ಗಂಟೆಗೆ ಒಂದು ವರ್ಷಕ್ಕಿಂತ ಕಡಿಮೆಯ ಕಕ್ಷೆ ಸಾಕು. ನಕ್ಷತ್ರದ ಗಾತ್ರ ಗೊತ್ತಿಲ್ಲದೆ ಗ್ರಹದ ಬಗ್ಗೆ ಮಾತಾಡಲು ಆಗುವುದೇ ಇಲ್ಲ. ನಕ್ಷತ್ರಗಳ ದೂರ ಅಳೆದ ಗೈಯಾ ದೂರದರ್ಶಕ ಕೊಟ್ಟ ದೂರದಿಂದ ಗಾತ್ರ ಸಿಗುತ್ತದೆ, ಅದನ್ನೇ ಮೊದಲು ಹುಡುಕಿ.

ಇಷ್ಟಾದರೂ ಅದು ಗ್ರಹ ಅಂತ ಸಾಬೀತಾಗಲಿಲ್ಲ. ಗುರು, ಗುರುವಿನ 50 ಪಟ್ಟು ತೂಕದ ಕಂದು ಕುಬ್ಜ (ನಕ್ಷತ್ರ ಆಗಲು ತೂಕ ಸಾಲದೆ ಉಳಿದದ್ದು), ಎರಡರ ಗಾತ್ರವೂ ಹೆಚ್ಚುಕಡಿಮೆ ಒಂದೇ. ಕುಳಿ ನೋಡಿ ತೂಕ ಹೇಳಲು ಬರುವುದಿಲ್ಲ, ಓಲಾಟ ಅಳೆಯಲೇಬೇಕು. ಟಿಒಐ-2180 ಬಿ ಕತೆ ಓದಿ. ಟೆಸ್ ಡೇಟಾದಲ್ಲಿ ಅದರ ಒಂದೇ ಕುಳಿ ಇತ್ತು. ಕಂಪ್ಯೂಟರ್ ಪ್ರೋಗ್ರಾಂ ಪದೇಪದೇ ಬರುವ ಕುಳಿ ಹುಡುಕುತ್ತದೆ, ಒಂಟಿಯನ್ನು ಬಿಟ್ಟುಬಿಡುತ್ತದೆ. ಟಾಮ್ ಜೇಕಬ್ಸ್ ಎಂಬ ಹವ್ಯಾಸಿ ಅದನ್ನು ಕಣ್ಣಲ್ಲೇ ನೋಡಿ ಹಿಡಿದರು. ಆಮೇಲೆ ಪಾಲ್ ಡಾಲ್ಬಾ ಅವರ ತಂಡ ಓಲಾಟ ಅಳೆದು, 261 ದಿನದ ಕಕ್ಷೆ, ಗುರುವಿನ ಸುಮಾರು ಮೂರು ಪಟ್ಟು ತೂಕ ಅಂತ 2022ರಲ್ಲಿ ಪ್ರಕಟಿಸಿತು. ನಿಮ್ಮ ಕೆಲಸ ಈ ಜಾತಿಯದೇ, ಹಗುರ ಅಂತ ತಿಳಿಯಬೇಡಿ.

ಪ್ರಶ್ನೆ, ಮುಲುಂಡ್‌ನಿಂದ: ಒಂದು ಗ್ರಹದ ಉಷ್ಣತೆ 2 ಡಿಗ್ರಿ ಅಂತ ಸುದ್ದಿ ಬಂದಿತ್ತು. 12 ಜ್ಯೋತಿರ್ವರ್ಷ ದೂರ! ಥರ್ಮಾಮೀಟರ್ ಇಟ್ಟು ಬಂದವರ ಹಾಗೆ ಹೇಳುತ್ತಾರಲ್ಲ. ಇದನ್ನೆಲ್ಲ ನಂಬಬಹುದಾ?

ಉತ್ತರ: ಅದು ಎಪ್ಸಿಲಾನ್ ಇಂಡಿ ಎಬಿ. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅದರ ನೇರ ಚಿತ್ರ ತೆಗೆಯಿತು. ನಕ್ಷತ್ರದ ಬೆಳಕನ್ನು ಮುಚ್ಚಳದಿಂದ ತಡೆದು, ಪಕ್ಕದಲ್ಲಿ ಉಳಿದ ಚುಕ್ಕೆಯನ್ನು ಹುಡುಕುವುದು. ತಣ್ಣಗಿನ ವಸ್ತು ಕಣ್ಣಿಗೆ ಕಾಣುವ ಬೆಳಕಲ್ಲಿ ಹೊಳೆಯುವುದಿಲ್ಲ, ಶಾಖದ ಕಿರಣದಲ್ಲಿ ಹೊಳೆಯುತ್ತದೆ, ಹಾಗಾಗಿ 10 ಮತ್ತು 15 ಮೈಕ್ರಾನ್ ಉದ್ದದ ಅಲೆಗಳ ಆಸುಪಾಸಿನಲ್ಲಿ ನೋಡಿದರು. ಆ ಅಲೆಗಳಲ್ಲಿ ಎಷ್ಟೆಷ್ಟು ಹೊಳಪು ಅನ್ನುವುದರಿಂದ ಉಷ್ಣತೆ ಲೆಕ್ಕ ಹಾಕುತ್ತೇವೆ. ಇದರಲ್ಲಿ ಮಾದರಿಗಳ ಪಾತ್ರ ಇದೆ, ಆದ್ದರಿಂದ 2 ಅನ್ನುವುದನ್ನು ಕರಾರುವಾಕ್ಕಾಗಿ 2 ಅಂತ ಹಿಡಿಯಬೇಡಿ. ಆ ಶಾಖ ನಕ್ಷತ್ರ ಕೊಟ್ಟದ್ದೂ ಅಲ್ಲ, ಅಷ್ಟು ದೂರಕ್ಕೆ ಏನು ಬಿಸಿಲು ತಲುಪೀತು? ಗ್ರಹ ಹುಟ್ಟುವಾಗಿನ ಶಾಖ ಇನ್ನೂ ಆರಿಲ್ಲ, ನಮ್ಮ ಗುರುವೂ ಹೀಗೇ ಸೂರ್ಯನಿಂದ ಪಡೆಯುವುದಕ್ಕಿಂತ ಜಾಸ್ತಿ ಶಾಖ ಹೊರಗೆ ಬಿಡುತ್ತಾನೆ.

ನನಗೆ ಉಷ್ಣತೆಗಿಂತ ಇಷ್ಟ ಆದದ್ದು ಬೇರೆ. ಅಲ್ಲೊಂದು ಗ್ರಹ ಇದೆ ಅಂತ ಓಲಾಟದಿಂದ ಮೊದಲೇ ಗೊತ್ತಿತ್ತು, ಗುರುವಿನ ಸುಮಾರು ಮೂರು ಪಟ್ಟು ತೂಕ ಅಂದುಕೊಂಡಿದ್ದರು. ಚಿತ್ರದಲ್ಲಿ ಅದು ಹೇಳಿದ ಜಾಗದಲ್ಲೇ ಇರಲಿಲ್ಲ! ತೂಕವೂ ಆರು ಪಟ್ಟು. ಕಕ್ಷೆ ಎಷ್ಟು ಉದ್ದ ಅಂದರೆ, ಇಷ್ಟು ವರ್ಷಗಳ ಅಳತೆಯೂ ಅದರ ಒಂದು ತುಂಡನ್ನಷ್ಟೇ ನೋಡಿತ್ತು. ತುಂಡು ನೋಡಿ ಇಡೀ ಕಕ್ಷೆ ಬರೆದರೆ ಹೀಗೇ ಆಗುವುದು.

ಪ್ರಶ್ನೆ, ಪಿಂಪ್ರಿಯಿಂದ: ನಮ್ಮ ದೇಶದಲ್ಲಿ ಈ ಕೆಲಸ ನಡೀತಿದೆಯಾ? ಟೆರೇಸಿನಲ್ಲಿ 8 ಇಂಚಿನ ದೂರದರ್ಶಕ ಇದೆ, ಕ್ಯಾಮೆರಾ ಇದೆ. ನಾನೇನಾದರೂ ಮಾಡಬಹುದಾ?

ಉತ್ತರ: ನಡೀತಿದೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿಆರ್‌ಎಲ್‌ನವರು ಮೌಂಟ್ ಅಬುವಿನಲ್ಲಿ ಓಲಾಟ ಅಳೆಯುವ ಪರಸ್ ಎಂಬ ಉಪಕರಣವನ್ನು 1.2 ಮೀಟರ್ ದೂರದರ್ಶಕಕ್ಕೆ, ಆಮೇಲೆ ಪರಸ್-2 ಅನ್ನು 2.5 ಮೀಟರಿನದಕ್ಕೆ ಜೋಡಿಸಿದ್ದಾರೆ. ಅವರಿಗೆ ಇಲ್ಲಿವರೆಗೆ ಸಿಕ್ಕಿದ್ದು ಕೆಲವೇ ದಿನಗಳ, ವಾರಗಳ ಕಕ್ಷೆಯವು. ಮಳೆಗಾಲದಲ್ಲಿ ಅಲ್ಲಿ ಕೆಲಸ ನಿಲ್ಲುತ್ತದೆ, ಆದರೆ ಹನ್ನೆರಡು ವರ್ಷದ ಕಕ್ಷೆಗೆ ನಾಲ್ಕು ತಿಂಗಳ ಖಾಲಿ ದೊಡ್ಡ ತೊಂದರೆ ಏನಲ್ಲ. ತೊಂದರೆ ಬೇರೆ. ಅದೇ ಉಪಕರಣ, ಅದೇ ನಕ್ಷತ್ರ, ಇಪ್ಪತ್ತು ವರ್ಷ ಬಿಡದೆ ಮಾಡುತ್ತೇವೆ ಅಂದರೆ ದುಡ್ಡು ಕೊಡುವವರು ಎಲ್ಲ ದೇಶದಲ್ಲೂ ಮುಖ ಮುಖ ನೋಡುತ್ತಾರೆ. ನಡುವೆ ಉಪಕರಣ ಮುಟ್ಟಿದರೂ ಕಷ್ಟ. ಹಾರ್ಪ್ಸ್‌ನ ಬೆಳಕು ಸಾಗಿಸುವ ಗಾಜಿನ ಎಳೆಗಳನ್ನು 2015ರಲ್ಲಿ ಬದಲಿಸಿದಾಗ ಹಳೆ ಅಳತೆಗೂ ಹೊಸ ಅಳತೆಗೂ ಸಣ್ಣ ಅಂತರ ಬಿತ್ತು, ಅದನ್ನು ಒಂದೊಂದು ನಕ್ಷತ್ರಕ್ಕೂ ಸರಿಪಡಿಸಿಕೊಳ್ಳಬೇಕು. ದೊಡ್ಡ ದೂರದರ್ಶಕದ ನಾಲ್ಕು ರಾತ್ರಿಗಿಂತ ಸಣ್ಣದರ ಇಪ್ಪತ್ತು ವರ್ಷವೇ ಮೇಲು, ಈ ಕೆಲಸಕ್ಕಂತೂ.

ನಿಮ್ಮ 8 ಇಂಚು ಧಾರಾಳ. ಮೊದಲು ಎಚ್‌ಡಿ 189733 ನಕ್ಷತ್ರದ ಮೇಲೆ ಕೈ ಕುದುರಿಸಿ. ಬೆಳಕು ಶೇ. 2ಕ್ಕಿಂತ ಜಾಸ್ತಿ ಇಳಿಯುತ್ತದೆ, 2.2 ದಿನಕ್ಕೊಮ್ಮೆ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರ್ ಸಂಜೆ ಸರಿಯಾದ ಹೊತ್ತು. ಅದು ಬಿಸಿ ಗ್ರಹ, ಆದರೆ ಕೈ ಪಳಗಿದರೆ ತಣ್ಣಗಿನದಕ್ಕೂ ಬರಬಹುದು. ಕೆಪ್ಲರ್-167 ಇ ಗುರುವಿನಷ್ಟೇ ತೂಕದ ಗ್ರಹ, 1,071 ದಿನಕ್ಕೊಂದು ಸುತ್ತು. ಅದರ ಸಂಕ್ರಮಣ 16 ಗಂಟೆ, ನಮ್ಮ ದೇಶದ ಯಾವ ಊರಿನ ರಾತ್ರಿಯೂ ಅಷ್ಟು ಉದ್ದ ಇಲ್ಲ. 2021ರಲ್ಲಿ ಬೇರೆ ಬೇರೆ ದೇಶದ ಹವ್ಯಾಸಿಗಳು ಸಣ್ಣ ದೂರದರ್ಶಕಗಳಲ್ಲಿ ಸರದಿಯಂತೆ ನೋಡಿ, ತುಂಡುಗಳನ್ನು ಜೋಡಿಸಿ ಅದನ್ನು ಹಿಡಿದರು.

ಮಡಗಾಂವ್‌ನಿಂದ ಮತ್ತೆ: ಮೇಡಂ, ನೋಡಿದೆ. ಕುಳಿ ಡೇಟಾದ ನಡುವೆ ಇದೆ, ಅಂಚಿನಲ್ಲಿಲ್ಲ. ಆದರೆ ನಕ್ಷತ್ರ ಸೂರ್ಯನ 1.6 ಪಟ್ಟು ದೊಡ್ಡದು. 😔

ಉತ್ತರ: ಅಳಬೇಡಿ. ಒಂದು ವರ್ಷದೊಳಗಿನ ಕಕ್ಷೆ ಇರಬಹುದು, ಹಾಗಿದ್ದರೆ ಎರಡನೇ ಕುಳಿ ಬೇಗ ಸಿಗುತ್ತದೆ. ಟೆಸ್ ಅದೇ ಜಾಗವನ್ನು ಆಮೇಲೆ ಯಾವ 27 ದಿನದ ಸರದಿಗಳಲ್ಲಿ, ಅಂದರೆ ಸೆಕ್ಟರ್‌ಗಳಲ್ಲಿ ನೋಡಿದೆ ಪಟ್ಟಿ ಮಾಡಿ. ಇನ್ನೊಂದು ಕುಳಿ ಇದ್ದರೆ ನಡುವಿನ ದಿನಗಳನ್ನು 2ರಿಂದ, 3ರಿಂದ, 4ರಿಂದ ಭಾಗಿಸುತ್ತಾ ಹೋಗಿ, ಡೇಟಾ ಇದ್ದೂ ಕುಳಿ ಇಲ್ಲದ ದಿನ ಬರುವ ಉತ್ತರಗಳನ್ನೆಲ್ಲ ಹೊಡೆದುಹಾಕಿ. ಉಳಿದದ್ದನ್ನೂ ನಕ್ಷತ್ರದ ನಂಬರನ್ನೂ ನನಗೆ ಪ್ರತ್ಯೇಕವಾಗಿ ಕಳಿಸಿ, ಗುಂಪಿನಲ್ಲಿ ಬೇಡ. ಎರಡನೇ ಕುಳಿ ಇಲ್ಲದಿದ್ದರೂ ಕಳಿಸಿ.